ತೊಂಬತ್ತನೇ ದಿನ

"ಹೇಳಿ ಮೇಡಂ," ಎಂದ ಫಂಡ್ ಮ್ಯಾನೇಜರ್. ಫೋನಿನ ಈ ತುದಿಯಲ್ಲಿದ್ದ ಕಾರ್ಖಾನೆಯ ಹಣಕಾಸು ಅಧಿಕಾರಿಗೆ ಆ 'ಮೇಡಂ' ಹೊಸದು. ಎರಡು ವರ್ಷದಿಂದ ಅವನು ಅವಳನ್ನು ಅಕ್ಕಾ ಎಂದೇ ಕರೆಯುತ್ತಿದ್ದ. ತೊಂಬತ್ತು ದಿನಕ್ಕೊಮ್ಮೆ ಕಾರ್ಖಾನೆಯ ಕಮರ್ಷಿಯಲ್ ಪೇಪರ್ ಎಂಬ ಅಲ್ಪಾವಧಿ ಸಾಲಪತ್ರದ ಗಡುವು ಮುಗಿಯುತ್ತಿತ್ತು. ಅವನು ಫಂಡಿನ ಹಣ ಕೊಟ್ಟು ಹೊಸದನ್ನು ಕೊಳ್ಳುತ್ತಿದ್ದ, ಆ ಹಣದಲ್ಲೇ ಹಳೆಯದು ತೀರುತ್ತಿತ್ತು. ಅಡವಿಲ್ಲ, ಜಾಮೀನಿಲ್ಲ, ಬರೀ ಹೆಸರಿನ ಮೇಲಿನ ಸಾಲ. ಈ ಸಲದ ಪತ್ರಕ್ಕೂ ಅವಳು ಬೆಳಿಗ್ಗೆಯೇ ಸಹಿ ಹಾಕಿಸಿಟ್ಟಿದ್ದಳು.

"ಏನಪ್ಪಾ, ಅಕ್ಕ ಮರೆತೇಹೋದಳಾ?"

"ಈ ಸಲ ಆಗಲ್ಲ ಮೇಡಂ. ನಿಮ್ಮ ಕಂಪನಿಯ ಕ್ರೆಡಿಟ್ ರೇಟಿಂಗ್ ಇಳಿದಿದೆ. ಇವತ್ತು ಮಧ್ಯಾಹ್ನ ಮೂರು ಗಂಟೆಯೊಳಗೆ ನಮ್ಮ ದುಡ್ಡು ವಾಪಸ್ ಬರಬೇಕು."

"ಎಲ್ಲಿಂದ ತರಲಿ? ಅದನ್ನೆಲ್ಲ ಹೊಸ ಮಿಷನ್‌ಗೆ ಹಾಕಿಬಿಟ್ವಲ್ಲ."

"ಮೂರು ತಿಂಗಳ ಸಾಲದಲ್ಲಿ ಇಪ್ಪತ್ತು ವರ್ಷ ದುಡಿಯೋ ಮಿಷನ್ನಾ?" ಅವನು ಫೋನ್ ಇಟ್ಟ.

ಖಾತೆಯಲ್ಲಿದ್ದದ್ದು ನಾಳಿನ ಸಂಬಳದ ಹಣವೊಂದೇ. ಅದನ್ನು ಕೊಟ್ಟರೂ ಸಾಲದ ಕಾಲು ಭಾಗವೂ ತೀರದು. ಗಡುವು ತಪ್ಪಿದ ಸುದ್ದಿ ಸಂಜೆಗೆ ಎಲ್ಲ ಬ್ಯಾಂಕುಗಳಿಗೂ ಮುಟ್ಟುತ್ತದೆ. ಆಮೇಲೆ ಗೇಟಿಗೆ ಬೀಗವೇ. ಅವಳು ಸಹಿಯಾದ ಪತ್ರವನ್ನು ಮಡಚಿದಳು, ಮತ್ತೆ ಬಿಡಿಸಿ ಅಂಗೈಯಿಂದ ಗೆರೆ ಒತ್ತಿದಳು.

ಅಷ್ಟರಲ್ಲಿ ಮೇಜಿನ ಇಂಟರ್‌ಕಾಮ್ ಬಡಿದುಕೊಂಡಿತು. ಕೆಳಗಿನ ಶೆಡ್ಡಿನಿಂದ ಅವಳ ಸ್ವಂತ ತಮ್ಮ. ಅವಳೇ ಕೈಹಿಡಿದು ತಂದು ಕೆಲಸಕ್ಕೆ ಸೇರಿಸಿದವನು.

"ಅಕ್ಕಾ, ಹೊಸ ಮಿಷನ್ ಬೆಳಿಗ್ಗೆಯಿಂದ ಒಂದು ಸಲಾನೂ ನಿಂತಿಲ್ಲ ಕಣೇ! ಕುದುರೆ ಥರ ಓಡ್ತಿದೆ. ಬಂದು ನೋಡು."

ಅವಳ ಕಾಲಡಿಯ ನೆಲ ಸಣ್ಣಗೆ ಅದುರುತ್ತಿತ್ತು.

"ನಿಲ್ಲಿಸಬೇಡ ಕಣೋ," ಎಂದಳು. "ಮೂರು ಗಂಟೆವರೆಗಾದ್ರೂ ನಿಲ್ಲಿಸಬೇಡ."