ನಾಲ್ಕನೆಯ ಪ್ರಾಬ್ಲಮ್

ಸೌಜನ್ಯಾ ಬಂಗಡೆಯ ಹೊಟ್ಟೆ ಸೀಳುತ್ತಿದ್ದಳು. ಗಂಡ ಸಂದೇಶ ಕನ್ನಡಿಯ ಮುಂದೆ ಸಿಳ್ಳೆ ಹಾಕುತ್ತಿದ್ದ.

ಇಬ್ಬರೂ ಹೊನ್ನಾವರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವವರು. ಶನಿವಾರ ಆನ್‌ಲೈನ್ ಕೋಡಿಂಗ್ ಸ್ಪರ್ಧೆಗೆ ಕೂರುತ್ತಾರೆ. ಸೋತವರು ಭಾನುವಾರ ಮೀನು ಕೊಯ್ಯಬೇಕು. ಮದುವೆಯಾದಾಗಿನಿಂದ ಕೊಯ್ದವನು ಸಂದೇಶನೇ. ಈ ಮಳೆಗಾಲ ಮುಗಿದದ್ದೇ ತಡ, ಕತ್ತಿ ಅವಳ ಕೈಗೆ ಬಂತು. ಮೊದಲ ಮೂರು ಪ್ರಾಬ್ಲಮ್ ಅವಳಿಗೆ ನೀರು ಕುಡಿದಷ್ಟು ಸುಲಭ, ನಾಲ್ಕನೆಯದು ಗೋಡೆ. ಆ ಗೋಡೆಯನ್ನು ಸಂದೇಶ ಈಗ ವಾರವಾರ ಹಾರುತ್ತಿದ್ದ. ಸಾಲದ್ದಕ್ಕೆ ನಿನ್ನೆ ಉಪದೇಶ ಬೇರೆ.

"ಉತ್ತರ ನೋಡೂಕಾಗ, ಮಾರಾಯ್ತಿ. ಸಣ್ಣ ಉದಾಹರಣೆ ಕೈಯಲ್ಲಿ ಮಾಡಿ ನೋಡು. ಅದೇ ಬಾಯಿ ಬಿಡ್ತದೆ."

ಗಂಡನ ಅಂಗಿಯಲ್ಲಿ ಪರಹೆಣ್ಣಿನ ಅತ್ತರು ಮೂಸಿದವಳಂತೆ ಸೌಜನ್ಯಾ ಬೆಚ್ಚಿದ್ದಳು. ಆ ಮಾತು ಅವನದಲ್ಲ, ಶ್ರೀಗೌರಿಯದು. ಓದುವಾಗ ಸೌಜನ್ಯಾಳ ಪಕ್ಕದಲ್ಲೇ ಕೂರುತ್ತಿದ್ದವಳು, ಎಂಥ ಕಗ್ಗಂಟನ್ನೂ ನಗುನಗುತ್ತ ಬಿಡಿಸುತ್ತಿದ್ದವಳು, ಈಗ ಕುಮಟೆಯಲ್ಲಿರುವವಳು.

ಸಂದೇಶ ಬ್ಯಾಗು ಹೆಗಲಿಗೇರಿಸಿ ಹೊರಬಿದ್ದ. ಅತ್ತೆ ಗಣಪಿ ಒಳಗಿಂದ ಬಂದರು.

"ಎಂತದೇ, ಕುಮಟೆಗೆ ಹೋಗೂಕೆ ಹೊಸ ಅಂಗಿ? ಭಾನುವಾರ ಭಾನುವಾರ ಅಲ್ಲಿ ದೇವಸ್ಥಾನ ಕಟ್ಟಿಸ್ತಾ ಇದ್ನಾ ನಿನ್ ಗಂಡ?"

"ಎಂತದೋ ಕ್ಲಾಸಂತೆ, ಅತ್ತೆ."

"ಆತು. ಮೀನು ನಾ ನೋಡ್ತೆ, ನೀ ಬಸ್ ಹಿಡಿ. ಗಂಡ್ಸು ಕಲೀತೆ ಅಂದ್ರೆ, ಯಾರ ಹತ್ರ ಅಂತ ನೋಡ್ಕಂಬಕು."

ಸೌಜನ್ಯಾ ಕೈ ತೊಳೆದಳು. ಬಸ್ಸಿನಲ್ಲಿ ಕೂತರೂ ಹೊಟ್ಟೆಯ ಉರಿ ಆರಲಿಲ್ಲ. ಇಷ್ಟು ದಿನ ಕದ್ದು ಅನುಭವಿಸಿದ್ದಾನೆ, ಇವತ್ತು ಇತ್ಯರ್ಥವಾಗಲೇಬೇಕು.

ಕುಮಟೆಯ ಬಸ್‌ಸ್ಟ್ಯಾಂಡಿನ ಹಿಂದಿನ ಹೋಟೆಲು, ಶ್ರೀಗೌರಿ ಯಾವಾಗಲೂ ಕೂರುವ ಜಾಗ. ಮೂಲೆಯ ಮೇಜು. ಒಂದೇ ಲ್ಯಾಪ್‌ಟಾಪಿನ ಮೇಲೆ ಎರಡು ತಲೆ.

"ಬಿಡ್ಬೇಡ ಸಂದೇಶ, ಇನ್ನು ಸ್ವಲ್ಪ," ಎನ್ನುತ್ತಿದ್ದಳು ಶ್ರೀಗೌರಿ, ಮೆತ್ತಗೆ.

ಹೆಂಡತಿಯನ್ನು ಕಂಡು ಸಂದೇಶ ಎದ್ದ ರಭಸಕ್ಕೆ ಚಹಾ ಚೆಲ್ಲಿತು.

"ಸೌಜನ್ಯಾ, ನೀ ಎಣಿಸಿದ ಹಾಂಗೆ ಎಂತದೂ ಇಲ್ಲ! ಬರೀ ಪ್ರಾಬ್ಲಮ್ ಮಾಡ್ತಾ ಇದ್ವು, ದೇವರಾಣೆ!"

ಸೌಜನ್ಯಾಳ ಕಣ್ಣು ತುಂಬಿತ್ತು. ಪಕ್ಕದ ಮೇಜಿನವರು ದೋಸೆ ಮರೆತು ಇತ್ತ ತಿರುಗಿದರು. ಅವಳು ಗಂಡನನ್ನು ಪಕ್ಕಕ್ಕೆ ತಳ್ಳಿ, ಅವನ ಕುರ್ಚಿಯಲ್ಲಿ ಕೂತು, ಶ್ರೀಗೌರಿಯ ಎರಡೂ ಕೈ ಹಿಡಿದಳು.

"ನಾ ಕಲ್ಸು ಅಂದ್ರೆ ಪುರುಸೊತ್ತಿಲ್ಲ ಅಂದಿದ್ಯಲ್ಲೇ! ಇವ್ರನ್ನ ಬೇಕಾರೆ ನೀನೇ ಇಟ್ಕೋ. ಭಾನುವಾರ ಮಾತ್ರ ನಂಗೆ ಕೊಡು!"