ಮೊಸರನ್ನಕ್ಕೂ ಸೌಟು

ಕೈಯಿಂದ ಅನ್ನ ಕಲಸುವವರ ಅಂದಿನ ಕಲಿಕೆಯೆಲ್ಲ ತುತ್ತಿನ ಜೊತೆಗೆ ಉಣ್ಣುವವರ ತಲೆಗೂ ಇಳಿಯುತ್ತಿದ್ದುದರಿಂದ, ಮೂವರು ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವುದು ವಾರಿಜಳಿಗೆ ಕಷ್ಟವೆನಿಸಿರಲಿಲ್ಲ. ಹದಿನಾಲ್ಕರ ಮೇದಿನಿಗೆ ಹಳಗನ್ನಡ ಕಾವ್ಯ, ಒಂಬತ್ತರ ನಚಿಕೇತನಿಗೆ ರೇಖಾಗಣಿತ. ಮಧ್ಯಾಹ್ನ ಇಬ್ಬರೂ ಒಂದೇ ಬೋಗುಣಿಯಲ್ಲಿ ಕೈಯಾಡಿಸಿದರೆ ಆಯಿತು. ಅದನ್ನುಂಡ ಪುಟ್ಟ ಇಳಾ ಕೂಡ ಷಟ್ಪದಿಯ ಮಾತ್ರೆ ಎಣಿಸುತ್ತಿದ್ದಳು. ಬಡಿಸುವ ವಾರಿಜ ಮಾತ್ರ ಅನ್ನಕ್ಕೆ ಕೈ ಹಾಕದೆ ಸೌಟನ್ನೇ ಹಿಡಿಯುತ್ತಿದ್ದಳು. ಕೇಳಿದರೆ ಬಿಸಿ ಅನ್ನುತ್ತಿದ್ದಳು. ಮೊಸರನ್ನಕ್ಕೂ.

ಐದು ತುಂಬಿದ್ದರಿಂದ ಇವತ್ತು ಇಳಾಳೂ ಕಲಸಬೇಕಿತ್ತು. ಅವಳು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು.

“ನಾನು ಬೇಡಮ್ಮ.”

“ಬೆಳಗ್ಗೆಯಿಂದ ಏನೂ ಕಲ್ತಿಲ್ವಾ?”

“ಕಲ್ತಿದೀನಿ. ಆದ್ರೂ ಬೇಡ.”

“ಕಲ್ತಿದ್ದನ್ನ ಬಚ್ಚಿಟ್ಕೋಬಾರ್ದು ಕಣೇ,” ಎಂದು ವಾರಿಜ ಆ ಪುಟ್ಟ ಕೈಯನ್ನು ತಾನೇ ಹಿಡಿದು ಮೊಸರನ್ನದೊಳಗೆ ಇಳಿಸಿದಳು.

ಮೊದಲ ತುತ್ತಿಗೇ ಮೇದಿನಿ ಅಗಿಯುವುದನ್ನು ನಿಲ್ಲಿಸಿದಳು. ಬೆಳಗ್ಗೆ ಬಾಗಿಲ ಹಿಂದೆ ನಿಂತು ಇಳಾ ಕೇಳಿಸಿಕೊಂಡಿದ್ದ ಮಾತು ಈಗ ಅವಳಿಗೂ ಗೊತ್ತಾಗಿತ್ತು. ಅಮ್ಮ ಫೋನಿನಲ್ಲಿ ಚಿಕ್ಕಮ್ಮನಿಗೆ ನಗುತ್ತಾ ಹೇಳುತ್ತಿದ್ದಳು: “ಪದ್ಯದ ಅರ್ಥ ಗೊತ್ತಾಗ್ದಿದ್ರೆ ನಾನೇ ಏನೋ ಒಂದು ಕಟ್ಟಿ ಹೇಳ್ಬಿಡ್ತೀನಿ. ಪಾಪ, ಮೇದಿನಿ ಅದನ್ನೇ ಬಾಯಿಪಾಠ ಮಾಡ್ಕೋತಾಳೆ.”

ನಚಿಕೇತ ನಗು ತಡೆಯಲು ಗಟಗಟ ನೀರು ಕುಡಿದ. ಇಳಾ ನೆಲ ನೋಡಿದಳು.

ಮೇದಿನಿ ಅಮ್ಮನ ಕೈಯಿಂದ ಮೆಲ್ಲಗೆ ಸೌಟು ಬಿಡಿಸಿ, ಬೋಗುಣಿಯನ್ನು ಅವಳತ್ತ ಸರಿಸಿದಳು.

“ತಣ್ಣಗೇ ಇದೆಯಮ್ಮ. ಕೈ ಹಾಕು.”