ಹನ್ನೆರಡನೆಯ ಪೆಂಗ್ವಿನ್

ಕೊಕ್ಕಿನೊಳಗೆ ಸೀನು ಬಂತು. ಹರ್ಷ ಉಸಿರು ಬಿಗಿಹಿಡಿದು ಹೇಗೋ ನುಂಗಿಕೊಂಡ. ಹಗ್ಗದಾಚೆ ಮೂವತ್ತು ಪ್ರವಾಸಿಗರು ದುರ್ಬೀನು ಹಿಡಿದು ನಿಂತಿದ್ದರು. ಈಚೆ ದ್ವೀಪದ ಬಂಡೆಯ ಮೇಲೆ ಅವನ ಸುತ್ತ ಹನ್ನೊಂದು ಕಾಡು ಪೆಂಗ್ವಿನ್‌ಗಳು. ಅವನ ಪೆಂಗ್ವಿನ್ ವೇಷ ಬಯಲಾದರೆ ಜನ ಬೈಯುತ್ತಾರೆ, ಅಷ್ಟೇ. ಪೆಂಗ್ವಿನ್‌ಗಳಿಗೆ ಗೊತ್ತಾದರೆ ಕುಕ್ಕಿ ಸಾಯಿಸುತ್ತವೆ ಎಂದು ಡೆರೆಕ್ ಹೇಳಿದ್ದ.

ಡೆರೆಕ್ ಆ ದ್ವೀಪದ ಸಂಜೆ ಪ್ರವಾಸಗಳ ಮಾಲೀಕ. ಮ್ಯಾಂಚೆಸ್ಟರಿನ ಕನ್ನಡ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅವನ ಜಾಹೀರಾತು ಹಾಕಿದ್ದರು: ಶನಿವಾರದ ಕೆಲಸ, ಎತ್ತರ ಐದಡಿ ಮೀರಬಾರದು. ಹರ್ಷ ಐದಡಿ ಅರ್ಧ ಇಂಚು. ಮಂಡಿ ಬಗ್ಗಿಸಿ ಅಳತೆ ಕೊಟ್ಟಿದ್ದ.

"ಇಲ್ಲಿರೋದೆಲ್ಲ ಅಸಲಿ. ಒಂದು ಸತ್ತುಹೋಯ್ತು, ಅಷ್ಟೇ," ಎಂದಿದ್ದ ಡೆರೆಕ್. "ವೆಬ್‌ಸೈಟಿನಲ್ಲಿ ಹನ್ನೆರಡು ಅಂತ ಹಾಕಿಬಿಟ್ಟಿದ್ದೀನಿ."

ದ್ವೀಪದಲ್ಲಿ ಸಾಲಾಗಿ ಪುಟ್ಟ ಶೆಡ್ಡುಗಳಿದ್ದವು. ಹರ್ಷ ವೇಷ ತೊಡುತ್ತಿದ್ದದ್ದು ಏಳನೆಯದರಲ್ಲಿ. ಉಳಿದವುಗಳ ಬಾಗಿಲು ಸದಾ ಮುಚ್ಚಿರುತ್ತಿತ್ತು. "ಒಳಗೆ ಮೀನು," ಎಂದಿದ್ದ ಡೆರೆಕ್.

ಮೊದಲೆರಡು ವಾರ ಹರ್ಷನಿಗೆ ಜೀವ ಕೈಯಲ್ಲಿತ್ತು. ಮೂರನೆಯ ವಾರ ಒಂಟಿತನವೇ ಭಯವನ್ನು ಗೆದ್ದಿತು. ಮ್ಯಾಂಚೆಸ್ಟರಿನ ಬಾಡಿಗೆ ಕೋಣೆಯಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಒಬ್ಬರೂ ಇರಲಿಲ್ಲ. ಪಕ್ಕದಲ್ಲಿ ನಿಲ್ಲುವ ಪೆಂಗ್ವಿನ್ ಸಾಧುವಾಗಿ ಕಂಡಿತು. ಹಕ್ಕಿಗೆ ಕನ್ನಡ ಏನು ತಿಳಿದೀತು?

"ನಮ್ಮ ಲ್ಯಾಬ್‌ನಲ್ಲಿ ಪ್ರೇರಣಾ ಅಂತ ಇದಾಳೆ ಕಣಪ್ಪಾ," ಎಂದು ಪಿಸುಗುಟ್ಟಿದ.

ಪೆಂಗ್ವಿನ್ ಗಕ್ಕನೆ ಕತ್ತು ತಿರುಗಿಸಿತು.

"ಮೇಲಿನ ಶೆಲ್ಫ್ ಅವಳಿಗೂ ಎಟುಕಲ್ಲ, ನನಗೂ ಎಟುಕಲ್ಲ. ಇಬ್ಬರೂ ಒಂದೇ ಸ್ಟೂಲಿಗೆ ಕಾಯ್ತೀವಿ. ಸದ್ಯಕ್ಕೆ ನಮ್ಮ ಸಂಬಂಧ ಅಷ್ಟೇ."

ಹಿಂದೆ ಒಂದು ಪೆಂಗ್ವಿನ್ ಕೆಮ್ಮಿತು. ಪಾಪ, ಇವಕ್ಕೂ ಶೀತವಾಗುತ್ತೆ ಎಂದುಕೊಂಡ ಹರ್ಷ.

ಅಂದಿನಿಂದ ಪ್ರತಿ ಶನಿವಾರವೂ ಅವನು ಮನಸ್ಸು ಹಗುರ ಮಾಡಿಕೊಂಡ. ವಾರ ವಾರಕ್ಕೂ ಉಳಿದ ಪೆಂಗ್ವಿನ್‌ಗಳು ಒಂದೊಂದೇ ಹೆಜ್ಜೆ ಹತ್ತಿರ ಬಂದು ಸುತ್ತುವರಿದವು. "ಚಳಿಗೆ ಒತ್ತೊತ್ತಾಗಿ ನಿಲ್ಲುವುದು ಇವುಗಳ ಸ್ವಭಾವ," ಎಂದು ಡೆರೆಕ್ ಪ್ರವಾಸಿಗರಿಗೆ ವಿವರಿಸಿದ. ಹರ್ಷನಿಗೆ ಮಾತ್ರ ಕಣ್ಣು ತೇವವಾಯಿತು. ಮೂಕಪ್ರಾಣಿಗಳು ತನ್ನನ್ನು ತಮ್ಮವನೆಂದು ಒಪ್ಪಿಕೊಂಡಿದ್ದವು.

ಇಂದು ಆ ವರ್ಷದ ಕೊನೆಯ ಪ್ರವಾಸ. ಹೇಳದೆ ಉಳಿದದ್ದು ಒಂದೇ ಮಾತು.

"ಅವಳಿಗೆ ಬೇರೆ ಯಾರೋ ಇದಾರೆ ಕಣಪ್ಪಾ," ಎಂದ. "ಶನಿವಾರ ಸಂಜೆ ಆದರೆ ಫೋನ್ ಆಫ್. ಸೋಮವಾರ ಮಂಡಿ ಹಿಡ್ಕೊಂಡು ಬರ್ತಾಳೆ. ಯಾವನೋ ಬೆಟ್ಟ ಹತ್ತೋ ಹುಚ್ಚ ಇರಬೇಕು. ನಾನು ಈ ಲ್ಯಾಬ್ ಬಿಟ್ಟು ಲೀಡ್ಸ್ ಯೂನಿವರ್ಸಿಟಿಗೆ ಹೊರಟುಬಿಡ್ತೀನಿ. ಅರ್ಜಿ ಬರೆದಾಗಿದೆ, ಸೋಮವಾರ ಕೊಡ್ತೀನಿ. ಅವಳನ್ನ ದಿನಾ ನೋಡ್ಕೊಂಡು ಸುಮ್ಮನಿರೋಕೆ ನನ್ನ ಕೈಲಾಗಲ್ಲ."

ಹನ್ನೊಂದೂ ಪೆಂಗ್ವಿನ್‌ಗಳು ಅಲ್ಲಾಡಲಿಲ್ಲ. ಪಕ್ಕದ ಪೆಂಗ್ವಿನ್ ಮೆಲ್ಲಗೆ ರೆಕ್ಕೆ ಎತ್ತಿ ಅವನ ಹೆಗಲ ಮೇಲಿಟ್ಟಿತು.

"ಅರ್ಜಿ ಹರಿದುಹಾಕು ಹರ್ಷ, ಮಿಕ್ಕಿದ್ದು ಲ್ಯಾಬ್‌ನಲ್ಲಿ ಮಾತಾಡೋಣ," ಎಂದಿತು ಪ್ರೇರಣಾಳ ದನಿ. "ಇಲ್ಲಿ ಎಲ್ಲರಿಗೂ ಕನ್ನಡ ಬರುತ್ತೆ."